ಕಲ್ಲಿಗೊಂದು ಮಣೆ

ಕ್ಯೋಟೋದ ಸಾಣೆಕಲ್ಲು ಕೈಗೆ ಬಂದಾಗ ನಾನು ಮೊದಲು ನೋಡುವುದು ಅದರ ತಳವನ್ನು. ಮೇಲ್ಮೈಯನ್ನು ಎಲ್ಲರೂ ನೋಡುತ್ತಾರೆ. ಬಣ್ಣ ಯಾವುದು, ಗೆರೆ ಎಷ್ಟಿದೆ, ಬೆರಳಿಗೆ ನುಣುಪಾಗಿದೆಯಾ ಅಂತ. ತಳವನ್ನು ತಿರುಗಿಸಿ ನೋಡುವವರು ಕಡಿಮೆ. ಅಲ್ಲಿ ಉಳಿಯ ಏಟಿನ ಗುರುತುಗಳಿರುತ್ತವೆ. ಕಂದು ಬಣ್ಣದ ಸಿಪ್ಪೆ ಅಲ್ಲಲ್ಲಿ ಅಂಟಿಕೊಂಡಿರುತ್ತದೆ. ಒಂದು ಮೂಲೆ ಎತ್ತರ, ಇನ್ನೊಂದು ತಗ್ಗು. ಮೇಜಿನ ಮೇಲಿಟ್ಟು ಒತ್ತಿದರೆ ಕಲ್ಲು ಅಲುಗುತ್ತದೆ. ಈ ಅಲುಗಾಟ ನಿಲ್ಲಿಸಿ, ಕಲ್ಲನ್ನು ಮರದ ಮಣೆಯಲ್ಲಿ ಸರಿಯಾಗಿ ಕೂರಿಸುವ ಕೆಲಸದ ಬಗ್ಗೆ ಬರೆಯಬೇಕು ಅಂತ ತುಂಬ ದಿನದಿಂದ ಅಂದುಕೊಂಡಿದ್ದೆ.

ಮರಗೆಲಸ ನನ್ನ ಹೊಟ್ಟೆಪಾಡಲ್ಲ, ಪ್ರೀತಿಯಿಂದ ಮಾಡುವ ಕೆಲಸ. ಮನೆ ಕುಂದಾಪುರದ ಹತ್ತಿರ. ಉಳಿ, ಹತ್ತರಿಗಳ ಬಾಯಿ ಹರಿತ ಮಾಡಲು ವರ್ಷಗಟ್ಟಲೆ ಕಾರ್ಖಾನೆಯ ಕಲ್ಲುಗಳನ್ನೇ ಬಳಸಿದ್ದೇನೆ. ಈಗಲೂ ಬಳಸುತ್ತೇನೆ. ಅವುಗಳ ಮೇಲೆ ದೂರೇನೂ ಇಲ್ಲ. ಆರೂ ಮುಖ ಸಪಾಟಾಗಿರುತ್ತವೆ, ಎಲ್ಲಿಟ್ಟರೂ ಕೂರುತ್ತವೆ. ಆಮೇಲೆ ಜಪಾನಿನಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ಊರಿಗೆ ಬರುವಾಗ ಒಂದು ನೈಸರ್ಗಿಕ ಕಲ್ಲು ತಂದುಕೊಟ್ಟರು. ಚೌಕಾಕಾರಕ್ಕೆ ಕತ್ತರಿಸಿದ್ದಲ್ಲ, ತುಂಡು ಕಲ್ಲು. ಅಂಥವನ್ನು ಅಲ್ಲಿ 'ಕೊಪ್ಪಾ' ಅನ್ನುತ್ತಾರೆ. ಗಣಿಯಲ್ಲಿ ದೊಡ್ಡ ಕಲ್ಲು ಕತ್ತರಿಸುವಾಗ ಉಳಿದ ಚೂರುಗಳು ಇವು. ಅಲ್ಲಿನ ಪ್ರಮಾಣದ ಅಳತೆಗಳಲ್ಲಿ ಒಂದು 205 ಮಿ.ಮೀ ಉದ್ದ, 75 ಮಿ.ಮೀ ಅಗಲ. ಆ ಅಳತೆಗೆ ಬಂದ, ಬಿರುಕಿಲ್ಲದ ಕಲ್ಲಿನ ಬೆಲೆ ಕೇಳಿದರೆ ನನ್ನಂಥವರು ಸುಮ್ಮನಾಗಬೇಕು. ಕೊಪ್ಪಾ ಅಗ್ಗ. ಕಲ್ಲಿನ ಗುಣ ಮಾತ್ರ ಅದೇ. ಆಕಾರ ಸರಿಯಿಲ್ಲ ಅನ್ನುವುದೊಂದೇ ಕೊರತೆ, ಆ ಕೊರತೆ ತುಂಬುವುದಕ್ಕೆ ಮಣೆ ಇದೆ.

ಈ ಕಲ್ಲು ಹೇಗೆ ಹುಟ್ಟಿತು ಅಂತ ಸ್ವಲ್ಪ ಹೇಳಬೇಕು. ಅದು ಗೊತ್ತಾಗದೆ ಮಣೆ ಯಾಕೆ ಬೇಕು ಅನ್ನುವುದು ಅರ್ಥವಾಗುವುದಿಲ್ಲ.

ಸುಮಾರು 25 ಕೋಟಿ ವರ್ಷಗಳ ಹಿಂದೆ ಆಳ ಸಮುದ್ರದ ತಳದಲ್ಲಿ ನಯವಾದ ಕೆಸರು ಕೂರುತ್ತಿತ್ತು. ದಡದಿಂದ ತುಂಬ ದೂರ. ನದಿಯ ಮರಳು ಅಲ್ಲಿಗೆ ತಲುಪುತ್ತಿರಲಿಲ್ಲ. ಗಾಳಿಯಲ್ಲಿ ಬಂದ ಧೂಳು, ಮತ್ತೆ ರೇಡಿಯೋಲೇರಿಯಾ ಅನ್ನುವ ಕಣ್ಣಿಗೆ ಕಾಣದ ಜೀವಿಗಳ ಸಿಲಿಕಾ ಚಿಪ್ಪು, ಇಷ್ಟೇ ಬೀಳುತ್ತಿದ್ದದ್ದು. ಪದರದ ಮೇಲೆ ಪದರ. ಸಮುದ್ರದ ತಳ ಸರಿಯುತ್ತಾ ಸರಿಯುತ್ತಾ ಏಷ್ಯಾದ ಅಂಚಿಗೆ ಬಂದು ಒತ್ತಿಕೊಂಡಿತು. ಆ ಕೆಸರು ಗಟ್ಟಿಯಾಗಿ, ಮಡಚಿ, ಇವತ್ತು ಕ್ಯೋಟೋದ ಪಶ್ಚಿಮ ಮತ್ತು ವಾಯವ್ಯದ ಗುಡ್ಡಗಳಲ್ಲಿ ಕಲ್ಲಾಗಿ ನಿಂತಿದೆ. ನಾರುತಾಕಿ, ನಕಯಾಮ, ಓಝುಕು, ಓಕುಡೋ, ಶೋಬುದಾನಿ, ಓಹಿರಾ. ಮರಗೆಲಸದವರು, ಕ್ಷೌರಿಕರು, ಕತ್ತಿ ಹೊಳಪು ಮಾಡುವವರು ಪ್ರೀತಿಯಿಂದ ಹೇಳುವ ಗಣಿಗಳ ಹೆಸರುಗಳಿವು. ಬಹುಪಾಲು ಮುಚ್ಚಿವೆ. ಕಾರ್ಖಾನೆಯ ಕಲ್ಲು ಬಂದ ಮೇಲೆ ಸುರಂಗ ತೋಡಿ, ಆರಿಸಿ, ಕೈಯಲ್ಲಿ ಕತ್ತರಿಸುವ ಖರ್ಚಿಗೆ ಬೆಲೆ ಹುಟ್ಟಲಿಲ್ಲ. ಈಗ ಕೈಯಿಂದ ಕೈಗೆ ಹೋಗುತ್ತಿರುವ ಕಲ್ಲುಗಳಲ್ಲಿ ಹೆಚ್ಚಿನವು ಹಿಂದೆಂದೋ ತೆಗೆದಿಟ್ಟವು.

ಕಣ ಅಷ್ಟು ನಯವಾಗಿರುವುದರಿಂದಲೇ ಈ ಕಲ್ಲು ಕೊನೆಯ ಮಸೆತಕ್ಕೆ ಬರುತ್ತದೆ. ಸ್ವಲ್ಪ ನೀರು ಚಿಮುಕಿಸಿ, ಅದೇ ಜಾತಿಯ ಪುಟ್ಟ ಕಲ್ಲಿನಿಂದ ಉಜ್ಜಿದರೆ ಮೇಲೆ ತೆಳ್ಳಗೆ ಕೆಸರು ಏಳುತ್ತದೆ. ನಮ್ಮ ದೇವರ ಕೋಣೆಯಲ್ಲಿ ತೇಯ್ದ ಗಂಧದಷ್ಟು ನುಣುಪು. ಆ ಕೆಸರಿನ ಮೇಲೆ ಉಳಿ ಓಡಿದಾಗ ಉಕ್ಕಿನ ಮೇಲೆ ಮಂಜು ಕವಿದಂಥ ಮಸುಕಾದ ಹೊಳಪು ಬರುತ್ತದೆ. ಜಪಾನಿನ ಉಳಿಗಳಲ್ಲಿ ಮೆತ್ತನೆ ಕಬ್ಬಿಣದ ಮೇಲೆ ಗಟ್ಟಿ ಉಕ್ಕು ಬೆಸೆದಿರುತ್ತಾರೆ. ಮೆತ್ತನೆಯದು ಮಂಕಾಗಿ, ಗಟ್ಟಿಯದು ಹೊಳೆಯುತ್ತಾ, ಎರಡರ ನಡುವಿನ ಗೆರೆ ಎದ್ದು ಕಾಣುತ್ತದೆ. ಆ ಗೆರೆ ನೋಡಲಿಕ್ಕೆಂದೇ ನಾನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಮಸೆಯುವುದುಂಟು.

ಪದರ ಪದರವಾಗಿ ಹುಟ್ಟಿದ ಕಲ್ಲು ಪದರ ಪದರವಾಗಿಯೇ ಬಿಡಿಸಿಕೊಳ್ಳುತ್ತದೆ. ಗಣಿಯವರಿಗೆ ಇದು ಅನುಕೂಲ, ಉಳಿ ಇಟ್ಟು ಹೊಡೆದರೆ ಪದರಕ್ಕೆ ಸರಿಯಾಗಿ ಸೀಳುತ್ತದೆ. ಬಳಸುವವರಿಗೆ ಇದೇ ಅಪಾಯ. ಪಕ್ಕದ ಮುಖಗಳಲ್ಲಿ ಪದರದ ಅಂಚುಗಳೆಲ್ಲ ತೆರೆದುಕೊಂಡಿರುತ್ತವೆ. ನೀರು ಅಲ್ಲಿಂದ ಒಳಗಿಳಿಯುತ್ತದೆ. ಒದ್ದೆ, ಒಣ, ಒದ್ದೆ, ಒಣ ಅಂತ ವರ್ಷಗಟ್ಟಲೆ ನಡೆದರೆ ಸಣ್ಣ ಗೆರೆ ಬಿರುಕಾಗುತ್ತದೆ. ಚಳಿ ದೇಶದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿದರೆ ಒಂದೇ ರಾತ್ರಿ ಸಾಕು.

ಇನ್ನೊಂದು ಅಪಾಯ ಒತ್ತಡದ್ದು. ಅಂಕುಡೊಂಕು ತಳದ ಕಲ್ಲು ಮೇಜಿನ ಮೇಲೆ ಮೂರು ಕಡೆ ಮಾತ್ರ ತಾಗಿರುತ್ತದೆ. ಮಧ್ಯೆ ಎಲ್ಲೋ ಟೊಳ್ಳು. ಹತ್ತರಿಯ ಅಲಗನ್ನು ಎರಡೂ ಕೈಯಿಂದ ಒತ್ತಿ ತಳ್ಳುವಾಗ ಆ ಟೊಳ್ಳಿನ ಮೇಲೆಯೂ ಭಾರ ಬೀಳುತ್ತದೆ. ಕಲ್ಲನ್ನು ಎಷ್ಟು ಬೇಕಾದರೂ ಅದುಮಬಹುದು, ಬಗ್ಗಿಸಲು ಹೋದರೆ ಮುರಿಯುತ್ತದೆ. ದಪ್ಪ ಇರುವಾಗ ತಡೆದುಕೊಳ್ಳುತ್ತದೆ. ತೆಳ್ಳಗಾದ ಮೇಲೆ ತಡೆಯುವುದಿಲ್ಲ. ಸಾಣೆಕಲ್ಲು ದಿನದಿನಕ್ಕೆ ತೆಳ್ಳಗಾಗುವ ವಸ್ತು, ಅಲ್ವಾ? ಹಾಗಾಗಿ ಮಣೆ ಬೇಕಾಗುವುದು ಇವತ್ತಿಗಿಂತ ಹೆಚ್ಚಾಗಿ ಮುಂದಿನ ದಿನಗಳಿಗೆ. ಮಣೆಯಿಲ್ಲದ ಕಲ್ಲು ಬೆರಳು ದಪ್ಪ ಇರುವಾಗಲೇ ಎರಡಾಗಬಹುದು. ಸರಿಯಾಗಿ ಕೂತ ಕಲ್ಲನ್ನು ಕೆಲವೇ ಮಿಲಿಮೀಟರ್ ಉಳಿಯುವವರೆಗೂ ಬಳಸಬಹುದು. ಗಣಿ ಮುಚ್ಚಿಹೋದ ಕಲ್ಲಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಕಾಣುವುದಿಲ್ಲ.

ಕೂರಿಸಲು ಎರಡು ದಾರಿಗಳಿವೆ. ಕಲ್ಲಿನ ತಳವನ್ನೇ ಡೈಮಂಡ್ ಪ್ಲೇಟ್, ಅಂದರೆ ವಜ್ರದ ಪುಡಿ ಕೂರಿಸಿದ ತಟ್ಟೆಯ ಮೇಲೆ ಉಜ್ಜಿ ಸಪಾಟು ಮಾಡಿ, ಸಪಾಟು ಹಲಗೆಗೆ ಅಂಟಿಸುವುದು ಒಂದು. ಕಲ್ಲನ್ನು ಇದ್ದಂತೆ ಬಿಟ್ಟು, ಮರವನ್ನು ಅದರ ತಳಕ್ಕೆ ಸರಿಯಾಗಿ ಕೆತ್ತುವುದು ಇನ್ನೊಂದು. ಮೊದಲನೆಯದು ಬೇಗ ಮುಗಿಯುತ್ತದೆ. ಈಗ ಹೆಚ್ಚಿನವರು ಅದನ್ನೇ ಮಾಡುತ್ತಾರೆ. ನಾನು ಎರಡನೆಯದರ ಕಡೆ. ತಳ ಸಪಾಟಾಗಬೇಕಾದರೆ ಅತಿ ತಗ್ಗಾದ ಜಾಗದವರೆಗೂ ಉಳಿದದ್ದನ್ನೆಲ್ಲ ಅರೆಯಬೇಕು. ಕೆಲವು ಕಲ್ಲುಗಳಲ್ಲಿ ಅದು 5 ಮಿ.ಮೀ ಆಗುತ್ತದೆ, ಕೆಲವದರಲ್ಲಿ 10. ಒಬ್ಬ ಹವ್ಯಾಸಿ ವರ್ಷಾನುಗಟ್ಟಲೆ ಮಸೆದರೂ ಸವೆಯದಷ್ಟು ಕಲ್ಲು ಅದು. ಅದನ್ನು ಒಂದು ಮಧ್ಯಾಹ್ನದಲ್ಲಿ ಚರಂಡಿಗೆ ಬಿಡುವುದು ನನ್ನಿಂದಾಗದು. ಜೊತೆಗೆ ಆ ಕಂದು ಸಿಪ್ಪೆ. ಅದು ಪದರದ ಹೊರಮೈ. ಕಲ್ಲನ್ನು ಕೆಳಗಿನಿಂದ ಹಿಡಿದಿಟ್ಟುಕೊಳ್ಳುತ್ತದೆ ಅಂತ ಅಲ್ಲಿನ ಹಳಬರು ಅದನ್ನು ತೆಗೆಯುವುದಿಲ್ಲ.

ನಮ್ಮೂರಿನ ಬಡಗಿ ಆಚಾರ್ರಿಗೆ ಕಲ್ಲು ತೋರಿಸಿ, "ಆಚಾರ್ರೇ, ತಳ ಸ್ವಲ್ಪ ಅರೆದು ಕೂರಿಸುವುದಾ, ಹೇಗೆ?" ಅಂತ ಕೇಳಿದ್ದೆ. ಅವರು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, "ಕಲ್ಲ್ ಯಾಕ್ ತೆಗಿತ್ರಿ ಮಾರಾಯ್ರೆ, ಮರ ಬೇಕಾದಷ್ಟ್ ಇತ್ತಲ್ದೆ?" ಅಂದರು. ಜಪಾನಿನ ಕಲ್ಲನ್ನು ಅವರು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಮರಕ್ಕೂ ಕಲ್ಲಿಗೂ ಯಾವುದು ಬಗ್ಗಬೇಕು ಅನ್ನುವುದು ಅವರಿಗೆ ಕೈಯಲ್ಲೇ ಗೊತ್ತಿತ್ತು.

ಬೇರೆ ಕಡೆಯವರು ಏನು ಮಾಡಿದ್ದಾರೆ ಅಂತಲೂ ನೋಡೋಣ. ಬೆಲ್ಜಿಯಂನ ಆರ್ಡೆನ್ ಬೆಟ್ಟಗಳಲ್ಲಿ ವಿಯೆಲ್‌ಸಾಮ್ ಸುತ್ತಮುತ್ತ ಕೋಟಿಕ್ಯೂಲ್ ಅನ್ನುವ ತೆಳು ಹಳದಿ ಕಲ್ಲು ಸಿಗುತ್ತದೆ. ಒಳಗೆ ಗಾರ್ನೆಟ್‌ನ ಸಣ್ಣ ಸಣ್ಣ ಹರಳುಗಳು. ಕ್ಷೌರದ ಕತ್ತಿಗೆ ಹೆಸರಾದ ಕಲ್ಲು. ಅದರ ಪದರ ಬೆಟ್ಟದೊಳಗೆ ಕೆಲವೇ ಸೆಂಟಿಮೀಟರ್ ದಪ್ಪ, ಬೇಗ ಮುರಿಯುತ್ತದೆ. ಹಾಗಾಗಿ ತೆಳ್ಳಗೆ ಕತ್ತರಿಸಿ ಕಪ್ಪು ಸ್ಲೇಟು ಕಲ್ಲಿನ ಮೇಲೆ ಅಂಟಿಸಿಯೇ ಮಾರುತ್ತಾರೆ. ಕೆಲವು ತುಂಡುಗಳಲ್ಲಿ ಹಳದಿ ಪದರದ ಕೆಳಗೆ ನೀಲಿ ಛಾಯೆಯ ಕಲ್ಲು ಹುಟ್ಟಿನಿಂದಲೇ ಅಂಟಿರುತ್ತದೆ. ಅಂಥದ್ದಕ್ಕೆ ಅಂಟೂ ಬೇಡ, ಭೂಮಿಯೇ ಮಣೆ ಮಾಡಿಕೊಟ್ಟಿದೆ. ಅಮೆರಿಕದ ಅರ್ಕನ್ಸಾ ಕಲ್ಲಿನ ಕಥೆ ಬೇರೆ. ಅದು ನೋವಾಕ್ಯುಲೈಟ್, ಹೆಚ್ಚುಕಡಿಮೆ ಪೂರ್ತಿ ಸಿಲಿಕಾ. ಪದರವಾಗಿ ಬಿಡಿಸಿಕೊಳ್ಳುವ ಸ್ವಭಾವ ಅದಕ್ಕಿಲ್ಲ, ನೀರನ್ನು ಹೀರುವುದೂ ಕಡಿಮೆ. ಅದನ್ನು ಸೀಡರ್ ಮರದ ಪೆಟ್ಟಿಗೆಯಲ್ಲಿ ಕೂರಿಸುವುದು ಜಾರದಿರಲಿ, ಮಸೆಯಲು ಹಾಕುವ ಎಣ್ಣೆಗೆ ಧೂಳು ಅಂಟದಿರಲಿ ಅಂತ. ಕಲ್ಲಿನ ಸ್ವಭಾವ ಬದಲಾದರೆ ಮಣೆಯ ಕೆಲಸವೂ ಬದಲಾಗುತ್ತದೆ.

ಜಪಾನಿನ ಕತ್ತಿ ಹೊಳಪು ಮಾಡುವವರ ವಿಧಾನ ನನಗೆ ಇವೆಲ್ಲಕ್ಕಿಂತ ಇಷ್ಟ. ಅವರು ನೆಲಕ್ಕೆ ಹತ್ತಿರದ ಇಳಿಜಾರು ಹಲಗೆಯ ಮುಂದೆ ಕೂರುತ್ತಾರೆ. ಕಲ್ಲು ತನ್ನ ಮರದ ಆಸರೆಯ ಮೇಲಿರುತ್ತದೆ. ಅದರ ಮೇಲೊಂದು ಬಾಗಿದ ಮರದ ಅದುಮುಗೋಲು, ಅದನ್ನು ಕಾಲಿನಿಂದ ಒತ್ತಿ ಹಿಡಿಯುತ್ತಾರೆ. ಕಾಲು ಎತ್ತಿದರೆ ಕಲ್ಲು ಬಿಡುತ್ತದೆ, ಬೇರೆ ಕಲ್ಲು ಇಡಬಹುದು. ಕೆಲಸದ ಕೊನೆಯ ಹಂತದಲ್ಲಿ ಇನ್ನೂ ಚಂದ. ಉಚಿಗುಮೋರಿ ಅನ್ನುವ ಕಲ್ಲನ್ನು ಬೆರಳ ತುದಿಯಷ್ಟು ತುಂಡು ಮಾಡಿ, ಕಾಗದದಷ್ಟು ತೆಳ್ಳಗೆ ಉಜ್ಜುತ್ತಾರೆ. ಹಿಂಬದಿಗೆ ಯೋಶಿನೋ ಅನ್ನುವ ತೆಳು ಕಾಗದವನ್ನು ಉರುಶಿ ಅನ್ನುವ ಮರದ ಸೊನೆಯಿಂದ ಅಂಟಿಸುತ್ತಾರೆ. ಕಲ್ಲು ಒಡೆದರೂ ಚೂರು ಉದುರದೆ ಕಾಗದಕ್ಕೆ ಅಂಟಿಕೊಂಡೇ ಕೆಲಸ ಮಾಡುತ್ತದೆ. ಅಲ್ಲಿ ಕಾಗದವೇ ಮಣೆ, ಹೆಬ್ಬೆರಳೇ ಮೇಜು.

ನಮ್ಮ ಕಡೆಯ ಹಿತ್ತಿಲುಗಳಲ್ಲಿ ಬಾವಿಯ ಹತ್ತಿರ ಕತ್ತಿ ಮಸೆಯುವ ಕಲ್ಲು ನೆಲದಲ್ಲಿ ಅರ್ಧ ಹೂತಿರುತ್ತಿತ್ತು. ಒರಟು ಕಲ್ಲು, ಹುಲ್ಲು ಕತ್ತಿಗೆ, ಕೊಡಲಿಗೆ ಅಷ್ಟೇ. ಅದಕ್ಕೂ ಮಣ್ಣು ಸುತ್ತಲಿಂದ ಸಮನಾಗಿ ಆಸರೆ ಕೊಡುತ್ತಿತ್ತು.

ಈಗ ಕೆಲಸಕ್ಕೆ ಬರೋಣ. ಮೊದಲು ಕಲ್ಲು ಪೂರ್ತಿ ಒಣಗಬೇಕು. ಬಿಸಿಲಿಗಿಡಬಾರದು, ನೆರಳಲ್ಲಿ ಗಾಳಿಗೆ ಬಿಡಬೇಕು. ಅದಕ್ಕೂ ಮುಂಚೆ ಒಮ್ಮೆ ಒದ್ದೆ ಮಾಡಿ ಪಕ್ಕಗಳನ್ನು ನೋಡುವುದು ಒಳ್ಳೆಯದು. ಮೇಲ್ಮೈ ಒಣಗಿದ ಮೇಲೂ ಕೆಲವು ಗೆರೆಗಳು ಕಪ್ಪಗೆ ಉಳಿದರೆ ಅವು ಒಳಗೆ ನೀರು ಹಿಡಿದಿರುವ ಬಿರುಕುಗಳು. ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ. ಗಟ್ಟಿ ಕಲ್ಲು ಠಣ್ ಅನ್ನುತ್ತದೆ. ಒಡಕು ಇದ್ದರೆ ದನಿ ಮಂದ. ಕೂದಲೆಳೆಯಷ್ಟು ಸಣ್ಣ ಬಿರುಕಿಗೆ ನೀರಿನಷ್ಟು ತೆಳ್ಳಗಿನ ಸೂಪರ್ ಗ್ಲೂ ಒಂದೆರಡು ಹನಿ ಬಿಟ್ಟರೆ ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ.

ಆಮೇಲೆ ಪಕ್ಕ ಮತ್ತು ತಳಕ್ಕೆ ಲೇಪ. ಇದು ಮಣೆಗಿಂತ ಮುಂಚೆ ಆಗಬೇಕಾದ ಕೆಲಸ. ಹಲವರು ಇದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಪದರದ ಅಂಚುಗಳಿಗೆ ನೀರು ಇಳಿಯದಂತೆ ಬಾಗಿಲು ಹಾಕುವುದು ಇದರ ನಿಜವಾದ ಉದ್ದೇಶ. ಜಪಾನಿನಲ್ಲಿ ಹಳೆಯ ಕಾಲದಿಂದ ಉರುಶಿ ಬಳಸುತ್ತಾರೆ. ಅದೊಂದು ಮರದ ಸೊನೆ. ಮರ ನಮ್ಮ ಮಾವು, ಗೇರು ಇವುಗಳ ಕುಟುಂಬದ್ದೇ. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಲಿದುಕೊಂಡವರಿಗೆ ಉರುಶಿ ಏನು ಮಾಡಬಲ್ಲದು ಅಂತ ಬೇಗ ಅರ್ಥವಾಗುತ್ತದೆ. ಹಸಿ ಇರುವಾಗ ಚರ್ಮಕ್ಕೆ ತಾಗಿದರೆ ತುರಿಕೆ, ಗುಳ್ಳೆ. ಒಣಗಿದ ಮೇಲೆ ನೀರಿಗೂ ಆಮ್ಲಕ್ಕೂ ಜಗ್ಗುವುದಿಲ್ಲ.

ಉರುಶಿಯ ಇನ್ನೊಂದು ವಿಶೇಷ ನಮ್ಮ ಕರಾವಳಿಯವರು ಕೇಳಬೇಕಾದ್ದು. ಅದು ಒಣ ಗಾಳಿಯಲ್ಲಿ ಗಟ್ಟಿಯಾಗುವುದಿಲ್ಲ. ಗಾಳಿಯಲ್ಲಿ ಶೇ 70ರಿಂದ 85ರಷ್ಟು ತೇವ ಬೇಕು, ಹದವಾದ ಬಿಸಿ ಬೇಕು. ಸೊನೆಯೊಳಗಿನ ಕಿಣ್ವ ಆ ತೇವದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕ್ಯೋಟೋದ ಕುಶಲಕರ್ಮಿಗಳು ಇದಕ್ಕಾಗಿ ತೇವ ಹಿಡಿದ ಕಪಾಟು ಇಟ್ಟುಕೊಳ್ಳುತ್ತಾರೆ. ನಮಗೆ ಜುಲೈ ತಿಂಗಳೇ ಕಪಾಟು. ಬಟ್ಟೆ ಒಣಗದ ಮಳೆಗಾಲದ ದಿನಗಳಲ್ಲಿ ಉರುಶಿ ಚೆನ್ನಾಗಿ ಗಟ್ಟಿಯಾಗುತ್ತದೆ.

ಉರುಶಿ ದುಬಾರಿ, ಇಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ. ಜಪಾನಿನಲ್ಲೇ ಅದಕ್ಕೆ ಬದಲಾಗಿ ಕ್ಯಾಶ್ಯೂ ಅನ್ನುವ ಬಣ್ಣ ಬಂತು. ಹೆಸರೇ ಹೇಳುವಂತೆ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ್ದು. ಇದಕ್ಕೆ ತೇವ ಬೇಡ, ಗಾಳಿಯಲ್ಲೇ ಒಣಗುತ್ತದೆ. ಸಾಣೆಕಲ್ಲಿನ ಪಕ್ಕಗಳಿಗೆ ಈಗ ಬಹಳಷ್ಟು ಮಂದಿ ಬಳಸುವುದು ಇದನ್ನೇ. ಮಂಗಳೂರಿನಿಂದ ಕಾರವಾರದವರೆಗೆ ಗೇರು ಬೆಳೆಯುವ ನಾಡು ನಮ್ಮದು. ಸಿಪ್ಪೆಯ ಎಣ್ಣೆಯನ್ನು ದೋಣಿಗೆ, ಗೆದ್ದಲು ಹಿಡಿಯದಂತೆ ಮರಕ್ಕೆ ಬಳಿಯುವುದು ಇಲ್ಲಿ ಹೊಸತೇನಲ್ಲ. ಹಾಗಂತ ಆ ಹಸಿ ಎಣ್ಣೆಯನ್ನೇ ತಂದು ಕಲ್ಲಿಗೆ ಬಳಿಯಬೇಡಿ. ಅದು ಅಂಟಂಟಾಗಿಯೇ ಉಳಿಯುತ್ತದೆ, ಕೈಯನ್ನೂ ಸುಡುತ್ತದೆ. ಸಂಸ್ಕರಿಸಿ ಬಣ್ಣವಾಗಿ ಮಾಡಿದ್ದು ಮಾತ್ರ ಆಗುತ್ತದೆ. ಎರಡೂ ಸಿಗದಿದ್ದರೆ ಪಾಲಿಯುರೆಥೇನ್ ವಾರ್ನಿಷ್ ತೆಳ್ಳಗೆ ಮೂರ್ನಾಲ್ಕು ಸಲ ಹಚ್ಚಿದರೆ ಸಾಕು, ನನ್ನ ಕಲ್ಲಿಗೆ ನಾನು ಹಚ್ಚಿದ್ದು ಅದನ್ನೇ. ನಮ್ಮ ಬಡಗಿಗಳ ಹತ್ತಿರ ಸದಾ ಇರುವ ಫ್ರೆಂಚ್ ಪಾಲಿಶ್ ಮಾತ್ರ ಬೇಡ. ಅದು ಅರಗಿನದು, ನೀರು ನಿಂತರೆ ಬೆಳ್ಳಗಾಗಿ ಮೆತ್ತಗಾಗುತ್ತದೆ.

ತೀರಾ ಪದರ ಬಿಚ್ಚುವ ಕಲ್ಲಾದರೆ ಪಕ್ಕಗಳಿಗೆ ತೆಳು ಕಾಗದವನ್ನೋ ಮಲ್‌ಮಲ್ ಬಟ್ಟೆಯ ಪಟ್ಟಿಯನ್ನೋ ಲೇಪದೊಳಗೆ ಕೂರಿಸಿ ಸುತ್ತುತ್ತಾರೆ. ಲೇಪ ಮಸೆಯುವ ಮುಖಕ್ಕೆ ಬರಬಾರದು. ಮೇಲಿನ ಅಂಚನ್ನು 45 ಡಿಗ್ರಿಗೆ ಸ್ವಲ್ಪ ಒರೆದು, ಲೇಪವನ್ನು ಅದರ ಕೆಳಗೇ ನಿಲ್ಲಿಸಬೇಕು. ಕಲ್ಲು ಸವೆದು ಕೆಳಗಿಳಿದಂತೆ ಅಂಚನ್ನು ಮತ್ತೆ ಒರೆಯಬೇಕು. ಇಲ್ಲದಿದ್ದರೆ ಲೇಪದ ಚೂರು ಎದ್ದು ಕೆಸರಿನೊಳಗೆ ಸೇರುತ್ತದೆ, ಅಲಗಿನ ಕೆಳಗೆ ಗಂಟಾಗಿ ಸಿಕ್ಕಿಕೊಳ್ಳುತ್ತದೆ.

ಮರ ಯಾವುದು? ಜಪಾನಿನಲ್ಲಿ ಸುಗಿ, ಹಿನೋಕಿ ಇಂಥ ಮೆತ್ತನೆ ಮರ ಬಳಸುತ್ತಾರೆ. ನೀರಿಗೆ ಬೇಗ ಕೊಳೆಯುವುದಿಲ್ಲ, ಕೆತ್ತಲು ಹಗುರ. ನಮ್ಮಲ್ಲಿ ಸಾಗುವಾನಿ ಆಗುತ್ತದೆ, ಹಲಸು ಆಗುತ್ತದೆ. ನಾನು ಆರಿಸಿದ್ದು ಹಲಸು. ಹಳೆ ಮನೆಯೊಂದರ ಕಿಟಕಿ ಚೌಕಟ್ಟಿನ ತುಂಡು, 40 ಮಿ.ಮೀ ದಪ್ಪ. ಹಳೆ ಮರ ಆಡುವಷ್ಟು ಆಡಿ ಮುಗಿಸಿರುತ್ತದೆ. ಹೊಸ ಮರ ತಂದರೆ ಮೊದಲ ಬೇಸಿಗೆಯಲ್ಲೇ ಸೊಟ್ಟಗಾಗಬಹುದು. ಎಳೆ ಉದ್ದಕ್ಕೆ ಇರಬೇಕು. ಇದು ಮುಖ್ಯ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮರ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಡ್ಡಕ್ಕೆ ಎರಡೂ ಉಂಟು. ಮಳೆಗಾಲಕ್ಕೂ ಬೇಸಿಗೆಗೂ ನಡುವೆ 75 ಮಿ.ಮೀ ಅಗಲದ ಸಾಗುವಾನಿ ಅರ್ಧ ಮಿಲಿಮೀಟರ್‌ನಷ್ಟು ಆಚೀಚೆ ಆಗಬಹುದು. ಕಲ್ಲು ಆಗುವುದಿಲ್ಲ. ಕೆತ್ತಿದ ಗುಣಿಯಲ್ಲಿ ಕಲ್ಲನ್ನು ನಾಲ್ಕೂ ಕಡೆ ಬಿಗಿಯಾಗಿ ಕೂರಿಸಿದರೆ, ಮರ ಒಣಗಿ ಕುಗ್ಗುವಾಗ ಗುಣಿ ಇಕ್ಕಟ್ಟಾಗುತ್ತದೆ. ಕಲ್ಲು ಜಾಗ ಬಿಡುವುದಿಲ್ಲ, ಮರ ಸೀಳುತ್ತದೆ. ಹಾಗಾಗಿ ತಲೆ ಮತ್ತು ಕಾಲಿನ ಕಡೆ, ಅಂದರೆ ಎಳೆಯ ತುದಿಗಳಲ್ಲಿ, ಕಲ್ಲು ಬಿಗಿಯಾಗಿರಲಿ. ಎರಡು ಪಕ್ಕಗಳಲ್ಲಿ ಕಾಗದದ ಎರಡು ಮಡಿಕೆಯಷ್ಟು ಸಡಿಲ ಇರಲಿ. ಮಸೆಯುವಾಗ ಒತ್ತಡ ಬರುವುದು ಹಿಂದೆ ಮುಂದೆ, ಅಂದರೆ ಉದ್ದಕ್ಕೇ. ಅಲ್ಲಿ ಬಿಗಿ ಇದ್ದರೆ ಕಲ್ಲು ಅಲುಗುವುದಿಲ್ಲ.

ಕಲ್ಲನ್ನು ಮರದ ಮೇಲಿಟ್ಟು ಸುತ್ತ ಗೆರೆ ಎಳೆಯಲು ಪೆನ್ಸಿಲ್ ಬೇಡ, ಚೂಪಾದ ಚೂರಿ ಮೊನೆ ಬೇಕು. ಪೆನ್ಸಿಲಿನ ದಪ್ಪವೇ ಆಮೇಲೆ ಅಲುಗಾಟವಾಗುತ್ತದೆ. ಕೊಪ್ಪಾ ಆದರೆ ಯಾವ ಬದಿ ಎತ್ತ ಅಂತ ಕಲ್ಲಿಗೂ ಮರಕ್ಕೂ ಗುರುತು ಹಾಕಿ. ಗುಣಿಯ ಆಳ 5 ಮಿ.ಮೀ ಸಾಕು, ತಳ ತೀರಾ ಅಂಕುಡೊಂಕಾಗಿದ್ದರೆ ತಗ್ಗಾದ ಕಡೆ ಇನ್ನೂ ಸ್ವಲ್ಪ. ಕೆಲವರು ಕಲ್ಲನ್ನು ಅರ್ಧಕ್ಕೇ ಹೂಳುತ್ತಾರೆ. ನೋಡಲು ಗಟ್ಟಿಯಾಗಿ ಕಾಣುತ್ತದೆ, ಅಂಚಿನ ಮರ ಕೈಗೂ ಅಲಗಿಗೂ ಬೇಗ ಅಡ್ಡ ಬರುತ್ತದೆ.

ಇನ್ನು ತಳಕ್ಕೆ ತಳ ಹೊಂದಿಸುವ ಕೆಲಸ. ಇದರಲ್ಲಿ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಕಲ್ಲಿನ ತಳಕ್ಕೆ ಜಾಜಿನ ಪುಡಿ ತೆಳ್ಳಗೆ ಸವರುತ್ತೇನೆ. ಬಡಗಿಗಳು ನೂಲಿಗೆ ಹಚ್ಚಿ ಗೆರೆ ಹೊಡೆಯುವ ಅದೇ ಕೆಂಪು. ಕಲ್ಲನ್ನು ಗುಣಿಯಲ್ಲಿಟ್ಟು ಅಂಗೈಯಿಂದ ಒತ್ತಿ, ನೇರ ಮೇಲಕ್ಕೆ ಎತ್ತುತ್ತೇನೆ. ಮರದಲ್ಲಿ ಎಲ್ಲಿ ಕೆಂಪು ಬಿತ್ತೋ ಅಲ್ಲಿ ಎತ್ತರ. ಅಷ್ಟನ್ನೇ ಉಳಿಯಿಂದ ಒಂದು ಚಕ್ಕೆ ತೆಗೆಯುವುದು. ಮತ್ತೆ ಇಡುವುದು, ಒತ್ತುವುದು, ಎತ್ತುವುದು. ಮೊದಲು ಕೆಂಪು ಎರಡು ಮೂರು ಕಡೆ ದಟ್ಟವಾಗಿ ಬೀಳುತ್ತದೆ. ಆಮೇಲೆ ಆರೇಳು ಕಡೆ. ಕೊನೆಕೊನೆಗೆ ಗುಣಿಯ ತುಂಬ ಹರಡಿದ ಚುಕ್ಕೆಗಳು. ಕಲ್ಲಿನ ತಳದ ಪ್ರತಿ ಏಟು, ಪ್ರತಿ ತಗ್ಗು ಮರದಲ್ಲಿ ತಿರುವುಮುರುವಾಗಿ ಮೂಡುತ್ತಾ ಬರುತ್ತದೆ. ಕ್ಯೋಟೋದ ಗಣಿಯವನೊಬ್ಬ ಎಂದೋ ಹೊಡೆದ ಉಳಿಯ ಏಟುಗಳನ್ನು ಕುಂದಾಪುರದ ಹಲಸಿನಲ್ಲಿ ನಾನು ಒಂದೊಂದಾಗಿ ಓದಿದ್ದು ಹೀಗೆ. ಅವನು ಯಾವ ಕಡೆಯಿಂದ ಹೊಡೆದ, ಎಲ್ಲಿ ಕಲ್ಲು ಅವನ ಮಾತು ಕೇಳಲಿಲ್ಲ ಅನ್ನುವುದೂ ತಿಳಿಯುತ್ತದೆ. ಕಲ್ಲನ್ನು ಅರೆದಿದ್ದರೆ ಇದೆಲ್ಲ ಕಾಣದೇ ಹೋಗುತ್ತಿತ್ತು.

ನೂರಕ್ಕೆ ನೂರು ತಾಗಬೇಕು ಅಂತಿಲ್ಲ. ಮೂಲೆಗಳ ಕೆಳಗೆ, ನಡುವಿನಲ್ಲಿ, ಎರಡು ಉದ್ದ ಅಂಚುಗಳ ಕೆಳಗೆ ಸಮನಾಗಿ ತಾಗಿದರೆ ಸಾಕು. ಉಳಿದ ಟೊಳ್ಳನ್ನು ತುಂಬಲು ಜಪಾನಿನ ಉರುಶಿ ಕೆಲಸದವರಲ್ಲಿ ಕೊಕುಸೋ ಅನ್ನುವ ಹದ ಇದೆ. ಉರುಶಿಗೆ ಅಕ್ಕಿಯ ಅಂಟು, ಮರದ ಪುಡಿ ಸೇರಿಸಿ ಕಲಸಿದ್ದು. ನಾನು ಗುಣಿಯಿಂದ ಬಂದ ಹಲಸಿನ ಹೊಟ್ಟನ್ನೇ ನಯ ಮಾಡಿ ಎಪಾಕ್ಸಿ ಅಂಟಿನಲ್ಲಿ ಕಲಸಿದೆ. ಕಲ್ಲಿನ ತಳಕ್ಕೆ ಮೇಣ ಸವರಿ, ಅದರ ಮೇಲೆ ಕೂರಿಸಿ, ಒಣಗಿದ ಮೇಲೆ ಕಲ್ಲನ್ನು ಎತ್ತಿ ತೆಗೆದೆ. ಮೇಣ ಇದ್ದದ್ದರಿಂದ ಕಲ್ಲಿಗೆ ಅಂಟಲಿಲ್ಲ, ಮರದಲ್ಲಿ ಅಚ್ಚು ಮಾತ್ರ ಉಳಿಯಿತು.

ಯಾಕೆ ಅಂಟಿಸಲಿಲ್ಲ ಅಂತ ಕೇಳಬಹುದು. ದಪ್ಪ ಕಲ್ಲನ್ನು ಮರಕ್ಕೆ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಮರ ಅಡ್ಡಕ್ಕೆ ಎಳೆದಾಡುವಾಗ ಅಂಟು ಆ ಎಳೆತವನ್ನೆಲ್ಲ ಕಲ್ಲಿನ ಕೆಳಪದರಕ್ಕೆ ಕೊಡುತ್ತದೆ. ಬಿಡಿಸಿಕೊಳ್ಳುವ ಸ್ವಭಾವದ ಕಲ್ಲಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಇನ್ನೊಂದು, ಅಂಟಿಸಿದ ಕಲ್ಲಿನ ತಳ ಒಣಗುವುದು ತಡ. ನಮ್ಮ ಮಳೆಗಾಲದಲ್ಲಂತೂ ವಾರಗಟ್ಟಲೆ ಒದ್ದೆ ಉಳಿದು ಬೂಷ್ಟು ಹಿಡಿಯುತ್ತದೆ. ಅದಕ್ಕೇ ನನ್ನ ಮಣೆಯ ನಡುವೆ ಬೆರಳು ಹೋಗುವಷ್ಟು ತೂತು ಕೊರೆದಿದ್ದೇನೆ. ನೀರು ಇಳಿದುಹೋಗುತ್ತದೆ. ಕಲ್ಲನ್ನು ಒಣಗಿಸಬೇಕಾದಾಗ ಕೆಳಗಿನಿಂದ ಬೆರಳಿನಿಂದ ತಳ್ಳಿದರೆ ಮೇಲೆ ಬರುತ್ತದೆ.

10 ಮಿ.ಮೀಗಿಂತ ತೆಳ್ಳಗಿನ ಕಲ್ಲಾದರೆ ನನ್ನ ಮಾತು ಬದಲಾಗುತ್ತದೆ. ಅದಕ್ಕೆ ಬೆಲ್ಜಿಯಂನವರ ದಾರಿಯೇ ಸರಿ, ಕಲ್ಲಿಗೆ ಕಲ್ಲು. ನಮ್ಮಲ್ಲಿ ಸ್ಲೇಟು ಹುಡುಕಬೇಕಿಲ್ಲ. ಅಡುಗೆಮನೆ ಕಪಾಟುಗಳಿಗೆ ಹಾಕುವ ಕಡಪ ಕಲ್ಲು, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಎರಡೂ ಚೆನ್ನಾಗಿ ಆಗುತ್ತವೆ. ಕಲ್ಲಿನಂಗಡಿಯವರು ಒಡೆದ ತುಂಡುಗಳನ್ನು ಸುಮ್ನೆ ಕೊಟ್ಟುಬಿಡುತ್ತಾರೆ. ಎರಡೂ ಮುಖ ಒಣಗಿಸಿ, ಎಪಾಕ್ಸಿ ಧಾರಾಳವಾಗಿ ಹಚ್ಚಿ, ಟೊಳ್ಳು ಉಳಿಯದಂತೆ ನಿಧಾನಕ್ಕೆ ಅದುಮಿ ಕೂರಿಸಬೇಕು. ಮಳೆಗಾಲ ಬೇಸಿಗೆ ಅಂತ ಎರಡೂ ಹಿಗ್ಗಿ ಕುಗ್ಗಿ ಜಗ್ಗಾಡುವುದಿಲ್ಲ. ಆ ಜೋಡಿಯನ್ನು ಆಮೇಲೆ ಮರದ ಮಣೆಯಲ್ಲಿ ಕೂರಿಸಿದರಾಯಿತು.

ಮಣೆಯ ಕೆಳಗೆ ಎರಡು ತುದಿಗೆ ಎರಡು ಅಡ್ಡಪಟ್ಟಿ ಹೊಡೆದು, ಅದಕ್ಕೆ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿದ್ದೇನೆ. ಮೇಜಿನ ಮೇಲೆ ಜಾರುವುದಿಲ್ಲ. ಕಲ್ಲು ಎತ್ತರದಲ್ಲಿ ಇರುವುದರಿಂದ ಬೆರಳ ಗೆಣ್ಣು ಮೇಜಿಗೆ ತಾಗುವುದಿಲ್ಲ, ಅಲಗನ್ನು ಕಲ್ಲಿನ ಕೊನೆಯವರೆಗೂ ತಳ್ಳಬಹುದು. ಪೂರ್ತಿ ಉದ್ದ ಬಳಸಿದರೆ ಕಲ್ಲು ನಡುವೆ ಮಾತ್ರ ಸವೆದು ಹಳ್ಳವಾಗುವುದೂ ಕಡಿಮೆ. ನನ್ನ ಎದುರು ಬದಿಯ ಪಟ್ಟಿ ಕೊಂಚ ತೆಳ್ಳಗಿದೆ, ನೀರು ಆಚೆ ಕಡೆ ಹರಿಯಲಿ ಅಂತ.

ಮಣೆ ಸಿದ್ಧವಾದ ದಿನ ಒಂದು ಅಗಲ ಉಳಿಯನ್ನು ಮಸೆದೆ. ಕೈಗೆ ಮೊದಲು ತಿಳಿದದ್ದು ಸದ್ದಿನ ವ್ಯತ್ಯಾಸ. ಮೇಜಿನ ಮೇಲೆ ಬರೀ ಕಲ್ಲಿಟ್ಟು ಮಸೆದಾಗ ಕಟಕಟ ಅನ್ನುವ ಸಣ್ಣ ದನಿಯೊಂದು ಸದಾ ಇರುತ್ತಿತ್ತು. ಅದು ಹೋಯಿತು. ಉಕ್ಕು ಕಲ್ಲಿನ ಮೇಲೆ ಸರಿಯುವ ಸದ್ದಷ್ಟೇ ಉಳಿಯಿತು. ಕಲ್ಲು ಅಲುಗದಿದ್ದರೆ ಉಳಿಯ ಕೋನವೂ ಅಲುಗುವುದಿಲ್ಲ. ಅಲಗು ಕಲ್ಲಿಗೆ ಸಪಾಟಾಗಿ ಕೂತು ಹೀರಿಕೊಂಡಂತೆ ಹಿಡಿಯುವುದನ್ನು ಬೆರಳು ಗುರುತಿಸುತ್ತದೆ. ಕೋನ ಕೂರಿಸುವ ಸಲಕರಣೆಗಳಿಗೆ ದುಡ್ಡು ಹಾಕುವ ಮುಂಚೆ ಕಲ್ಲನ್ನು ಸರಿಯಾಗಿ ಕೂರಿಸಿ ಅಂತ ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ಹಳೆಯ ಕಲ್ಲುಗಳ ಮೇಲೆ ಗಣಿಯ ಅಥವಾ ವ್ಯಾಪಾರಿಯ ಶಾಯಿ ಮುದ್ರೆ ಇರುವುದುಂಟು. ಮೇಲ್ಮೈಯಲ್ಲಿದ್ದರೆ ಮಸೆದಂತೆ ಅಳಿಸಿಹೋಗುತ್ತದೆ, ಅದು ಸಹಜ. ಪಕ್ಕದಲ್ಲಿದ್ದರೆ ಆ ಜಾಗಕ್ಕೆ ಬಣ್ಣವಿಲ್ಲದ ಲೇಪ ಹಚ್ಚಿ, ಮುದ್ರೆ ಗುಣಿಯೊಳಗೆ ಮುಚ್ಚಿಹೋಗದಂತೆ ಕೂರಿಸಿ. ಮಣೆಯ ಅಡಿಯಲ್ಲಿ ಕಲ್ಲಿನ ಊರು, ಸಿಕ್ಕ ವರ್ಷ ಬರೆದಿಡಿ. ಕಲ್ಲಿಗೆ ನಮಗಿಂತ ಹೆಚ್ಚು ಆಯಸ್ಸಿದೆ, ಮುಂದೆ ಬಳಸುವವರಿಗೆ ಅದು ಎಲ್ಲಿಯದು ಅಂತ ಗೊತ್ತಿರಬೇಕು.

ಕಲ್ಲು ಸವೆದು ಗುಣಿಯ ಅಂಚಿಗೆ ಸಮ ಬಂದಾಗ ಅಂಚಿನ ಮರವನ್ನು ಹತ್ತರಿಯಿಂದ ಒಂದೆರಡು ಎಳೆ ತೆಗೆದರೆ ಮತ್ತೆ ಕಲ್ಲು ಮೇಲೆ ಬರುತ್ತದೆ. ತೀರಾ ತೆಳ್ಳಗಾಗಿ ಚೂರಾದರೆ ಆ ಚೂರುಗಳಿಗೆ ಹಿಂಬದಿಯಿಂದ ಕಾಗದ ಅಂಟಿಸಿ, ಬೇರೆ ಕಲ್ಲಿನ ಮೇಲೆ ಕೆಸರು ಎಬ್ಬಿಸಲು ಬಳಸಬಹುದು. ಆಗ ಮಣೆ ಖಾಲಿಯಾಗುತ್ತದೆ. ನನ್ನ ಹಲಸಿನ ತುಂಡಿನಲ್ಲಿ ಗುಣಿಯ ಕೆಳಗೆ ಇನ್ನೂ 30 ಮಿ.ಮೀ ಮರ ಇದೆ. ಹಳೆ ಗುಣಿಯನ್ನು ಕೆತ್ತಿ ತೆಗೆದು, ಇನ್ನೆರಡು ಕಲ್ಲುಗಳನ್ನು ಒಂದಾದ ಮೇಲೊಂದು ಕೂರಿಸಲು ಅಷ್ಟು ಸಾಕು.